ದಿನಕ್ಕೊಬ್ಬ ಹೊಸ ಆಟಗಾರ

ಗದಗಿನ ಒಂದು ಮನೆಯ ಕನ್ಸೋಲಿನಿಂದ ದಿನಕ್ಕೊಬ್ಬ ಹೊಸ ಆಟಗಾರ ಹುಟ್ಟುತ್ತಿದ್ದ. ಬೆಳಿಗ್ಗೆ ಒಂದು ಖಾತೆ ತೆರೆಯುತ್ತಿತ್ತು. ಮಧ್ಯಾಹ್ನದೊಳಗೆ ಅದಕ್ಕೆ ಹತ್ತು ಅಂಕ ಬರುತ್ತಿತ್ತು. ಆಮೇಲೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮರುದಿನ ಬೇರೆ ಹೆಸರು, ಬೇರೆ ಖಾತೆ. ಆದರೆ ಅದೇ ಹೊಳೆ ದಾಟುವ ಆಟ, ಅದೇ ಹತ್ತು ಅಂಕ.

ಹುಬ್ಬಳ್ಳಿಯ ಅಂಕ ಪರಿಶೀಲನಾ ಕೇಂದ್ರದ ದೊಡ್ಡ ಪರದೆಯ ಮೇಲೆ ಈ ಖಾತೆಗಳು ಸಾಲಾಗಿ ಬಂದು ನಿಂತಾಗ, ಮುಖ್ಯಸ್ಥ ಶ್ರೀಪಾದ ಕಟ್ಟಿ ಕನ್ನಡಕ ಏರಿಸಿಕೊಂಡು ಹೆಸರುಗಳನ್ನು ಓದಿದರು. 'ಬದನಿಕಾಯಿ ಎಣ್ಣಿಗಾಯಿ'. 'ಹೆಸರಕಾಳ ಪಲ್ಯ'. 'ಪುಂಡಿಪಲ್ಯ'. 'ಜುಣಕ'. 'ನಿನ್ನಿ ಜುಣಕ'.

"ಇವೇನ್ ಖಾತೆಗಳೋ, ಊಟದ ಎಲಿಯೋ?" ಎಂದರು ಕಟ್ಟಿ. "ಯಾವ್ದೋ ಖಾನಾವಳಿಯವ್ರು ಅಂಕದ ಅಂಗಡಿ ತಗದಾರ, ನೋಡವಾ ಮೆಹಜಬೀನ್."

ಮೆಹಜಬೀನ್ ಮುಲ್ಲಾ ಆ ಕೇಂದ್ರದ ಪರಿಶೀಲಕಿ. ಶರೀರಶಾಸ್ತ್ರದಲ್ಲಿ ಪದವಿ ಪಡೆದು, ಮೆದುಳಿನ ಅಲೆಗಳನ್ನು ಓದುವ ಕೆಲಸಕ್ಕೆಂದೇ ಇಲ್ಲಿಗೆ ಸೇರಿದವಳು. ಅವಳು ನಕ್ಕಳು, ಆದರೆ ಕಣ್ಣು ಹೆಸರುಗಳ ಮೇಲಿರಲಿಲ್ಲ. ಅವುಗಳ ಪಕ್ಕದ ಗೆರೆಗಳ ಮೇಲಿತ್ತು.

ಕನ್ಸೋಲ್ ಆಟಗಳ ಅಂಕ ಪದ್ಧತಿ ಹಳೆಯದು. ಪ್ರತಿ ಆಟಕ್ಕೂ ಒಟ್ಟು ಸಾವಿರ ಅಂಕ. ಅದನ್ನು ಹೇಗೆ ಹಂಚಬೇಕೆಂದು ಆಟ ತಯಾರಿಸಿದವರು ನಿರ್ಧರಿಸುತ್ತಾರೆ: ಸುಲಭದ ಸಾಧನೆಗೆ ಐದೋ ಹತ್ತೋ, ಕಷ್ಟದ್ದಕ್ಕೆ ಐವತ್ತು, ನೂರು. ಗೊತ್ತುಮಾಡಿದ ಕೆಲಸ ಆದ ಕ್ಷಣಕ್ಕೆ ಗಂಟೆ ಬಾರಿಸುತ್ತದೆ, ಅಂಕ ಖಾತೆಗೆ ಸೇರುತ್ತದೆ. ಒಂದು ಖಾತೆಗೆ ಒಂದು ಸಾಧನೆ ಒಂದೇ ಸಲ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ. ಕೊಟ್ಟದ್ದನ್ನೇ ಮತ್ತೆ ಕೊಡುವುದೂ ಇಲ್ಲ.

ಇಷ್ಟು ಸರಳವಾದ ಪದ್ಧತಿಗೂ ಒಂದು ಕುರುಡುತನವಿತ್ತು. ಕೆಲಸ ಆಯಿತೋ ಇಲ್ಲವೋ ಎಂಬುದು ಯಂತ್ರಕ್ಕೆ ತಿಳಿಯುತ್ತಿತ್ತು; ಮಾಡಿದವರು ಯಾರೆಂಬುದು ತಿಳಿಯುತ್ತಿರಲಿಲ್ಲ. ಪಳಗಿದವರಿಂದ ಆಡಿಸಿ ತಮ್ಮ ಖಾತೆ ತುಂಬಿಸಿಕೊಳ್ಳುವವರು ಎಲ್ಲ ಕಾಲದಲ್ಲೂ ಇದ್ದರು. ಅದಕ್ಕಾಗಿ ಬಂದದ್ದು, ಆಡುವವರು ಹಣೆಗೆ ಕಟ್ಟಿಕೊಳ್ಳುವ, ಮೆದುಳಿನ ಅಲೆ ಓದುವ ಹಣೆಪಟ್ಟಿ. ನಿರೀಕ್ಷಿಸಿದ್ದು ಒಂದು, ಆದದ್ದು ಇನ್ನೊಂದು ಎಂದಾಗ ಮೆದುಳಿನಲ್ಲಿ ಒಂದು ಸಣ್ಣ ಅಲೆ ಏಳುತ್ತದೆ. ಕಲಿಯುತ್ತ ಹೋದಂತೆ ನಿರೀಕ್ಷೆ ತಪ್ಪುವುದು ಕಡಿಮೆಯಾಗಿ ಅಲೆಯೂ ತಗ್ಗುತ್ತದೆ. ಎತ್ತರದಲ್ಲಿ ಶುರುವಾಗಿ ಕ್ರಮೇಣ ತಗ್ಗಿದ ಅಲೆ ಕಂಡರೆ ಮಾತ್ರ ಯಂತ್ರ ಅಂಕ ಕೊಡುತ್ತದೆ. ಮೊದಲೇ ಪಳಗಿದ ಕೈ ಆಡಿದರೆ ಅಲೆ ಏಳುವುದೇ ಇಲ್ಲ, ಆದ್ದರಿಂದ ಗಂಟೆಯೂ ಬಾರಿಸುವುದಿಲ್ಲ. ಹೀಗೆ ಅಂಕವೆಂದರೆ ಗೆಲುವಿನ ಗುರುತಾಗಿ ಉಳಿಯದೆ ಕಲಿಕೆಯ ಗುರುತಾಯಿತು. ಪಾಲಿಟೆಕ್ನಿಕ್‌ಗಳು ಪ್ರವೇಶದ ವೇಳೆ ಅದನ್ನು ಪರಿಗಣಿಸತೊಡಗಿದವು. ಮೋಸಗಾರರ ಮೇಲೆ ಕಣ್ಣಿಡಲು ಇಂಥ ಕೇಂದ್ರಗಳೂ ಹುಟ್ಟಿಕೊಂಡವು.

"ಹೊಸಬರನ್ನ ಕರಕೊಂಡ್ ಬಂದು ಆಡಸ್ತಾರ, ಖಾತೆ ತಯಾರ ಮಾಡಿ ಮಾರ್ತಾರ. ಬ್ಯಾರೆ ಏನಿರ್ತದ?" ಎಂದರು ಕಟ್ಟಿ.

"ಹೊಸಬರಾದ್ರ ಎಲ್ಲಾರೂ ಒಂದಾ ಎತ್ತರದಿಂದ ಶುರು ಆಗಬೇಕಲ್ರಿ ಸರ್. ಇಲ್ಲಿ ನೋಡ್ರಿ. ಮೊದಲಿನಾವ ಮುಂಜಾನೆಲ್ಲಾ ಒದ್ದಾಡಿ ದಡ ಮುಟ್ಯಾನ. ಅವನ ಹಿಂದ ಬಂದಾವ ಸ್ವಲ್ಪ ಲಗೂನ ಮುಟ್ಯಾನ. ಅವನ ಹಿಂದಿನಾವ ಇನ್ನೂ ಲಗೂ. ಒಬ್ಬಾವ ಬಿಟ್ಟಲ್ಲಿಂದ ಇನ್ನೊಬ್ಬಾವ ಹೆಂಗ್ ಶುರು ಮಾಡ್ತಾನ್ರಿ?"

"ಅಂದ್ರ ಒಬ್ಬನಾ ಆಡ್ಯಾನ. ಆದ್ರ 'ಈ ಆಟ ಹಿಂದೆ ಆಡಿದ್ದೀರಾ' ಅಂತ ಖಾತೆ ತಗಿಯುವಾಗ ಯಂತ್ರ ಕೇಳಿದ್ರ ದಿನಾ ಇಲ್ಲ ಅಂತಾನ. ಎಂಥಾ ಸುಳ್ಳ ಬಡಕ ಇರಬೇಕಂವಾ!"

ಯಂತ್ರ ಆಗಲೇ ಆ ಖಾತೆಗಳನ್ನೆಲ್ಲ ತಡೆಹಿಡಿದಿತ್ತು. ವಾರದ ಕೊನೆಗೆ ಕನ್ಸೋಲಿಗೂ ಬೀಗ ಬೀಳುವುದಿತ್ತು. ಅಷ್ಟರೊಳಗೆ ಒಮ್ಮೆ ಹೋಗಿ ನೋಡಿ ಬರುತ್ತೇನೆಂದು ಮೆಹಜಬೀನ್ ಅನುಮತಿ ಪಡೆದಳು.

*

ಮನೆ ಬೆಟಗೇರಿಯ ಒಂದು ಓಣಿಯಲ್ಲಿತ್ತು. ಹೊರಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಸುತ್ತ ಅರ್ಧ ಹೊಲಿದ ಕುಪ್ಪಸಗಳು. ಬಾಗಿಲು ತೆಗೆದ ಹೆಂಗಸು ಮೆಹಜಬೀನಳ ಕೊರಳಿನ ಗುರುತಿನ ಚೀಟಿಯನ್ನು ಓದಿದ್ದೇ, ಮುಖ ಅರಳಿಸಿದಳು.

"ಬರ್ರಿ, ಬರ್ರಿ! ಗಂಟಿ ರಿಪೇರಿಗೆ ಬಂದೀರಿ ಹೌದಲ್ರಿ? ಫೋನ್ ಮಾಡಿ ಮಾಡಿ ಬ್ಯಾಸತ್ತಿದ್ದೆ."

ಅವಳು ದಾಕ್ಷಾಯಣಿ. ಹಿಡಿಯಲು ಬಂದವಳನ್ನು ರಿಪೇರಿಯವಳೆಂದು ಒಳಗೆ ಕರೆದು ಕೂರಿಸಿದಾಗ, ಮೆಹಜಬೀನ್ ತಯಾರು ಮಾಡಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಬಾಯಲ್ಲೇ ಉಳಿದವು. ನಡುಮನೆಯಲ್ಲಿ ಒಬ್ಬ ಎತ್ತರದ ಮನುಷ್ಯ ಹಣೆಪಟ್ಟಿ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪರದೆಯ ಮುಂದೆ ಕುಳಿತಿದ್ದ. ದಾಕ್ಷಾಯಣಿಯ ಗಂಡ ಅಂದಾನಪ್ಪ. ಹೈಸ್ಕೂಲಿನಲ್ಲಿ ವ್ಯಾಯಾಮ ಮಾಸ್ತರ, ಜಿಲ್ಲೆಯ ಕಬಡ್ಡಿ ಪಂದ್ಯಗಳಿಗೆ ಅಂಪೈರ್. ಕೆಲವು ವರ್ಷಗಳ ಹಿಂದೆ ಜ್ವರ ಮೆದುಳಿಗೇರಿ, ಹೊಸ ನೆನಪುಗಳನ್ನು ಕಟ್ಟಿಡುವ ಭಾಗವನ್ನು ಸುಟ್ಟುಹಾಕಿತ್ತು. ಜ್ವರಕ್ಕೆ ಮುಂಚಿನದೆಲ್ಲ ನೆನಪಿದೆ. ಇವತ್ತಿನದು ಇವತ್ತಿಗೆ ಹೇಗೋ ನಿಲ್ಲುತ್ತದೆ. ನಿದ್ದೆ ಮಾಡಿ ಎದ್ದರೆ ಇಲ್ಲ. ಪ್ರತಿ ಬೆಳಿಗ್ಗೆ ದಾಕ್ಷಾಯಣಿ ಅವನಿಗೆ ಇದನ್ನು ಹೇಳುತ್ತಾಳೆ. ಅವನು ಸುಮ್ಮನೆ ಕೇಳುತ್ತಾನೆ, ಚಹಾ ಕುಡಿಯುತ್ತಾನೆ, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಅಂಗಳಕ್ಕೂ ಒಳಕ್ಕೂ ಓಡಾಡುತ್ತಾನೆ.

"ಅವಾಗ ನಮ್ಮಣ್ಣ ಇದನ್ನ ತಂದಕೊಟ್ಟ," ಎಂದಳು ದಾಕ್ಷಾಯಣಿ. "ಮೊದಲ್ನೇ ದಿನ ದಡ ಮುಟ್ಟಿದಾಗ ಗಂಟಿ ಬಾರಿಸ್ತಲ್ರೀ, ಎದ್ದ ನಿಂತ ಚಪ್ಪಾಳಿ ಹೊಡದ್ರು. ಜ್ವರ ಬಂದ ಮ್ಯಾಲ ಅವ್ರು ಹಂಗ್ ನಕ್ಕಿದ್ದ ನೋಡಿದ್ದಿಲ್ಲ. ಮರುದಿನ ಅದನ್ನ ಚಾಲೂ ಮಾಡಿದ್ರ ಸೀದಾ ಎರಡನೇ ಹಂತಕ್ಕ ಹೋತು. ಸುಳಿ ಅಂತ. ಇವ್ರಿಗೆ ನಿನ್ನಿದಾ ಗೊತ್ತಿಲ್ಲ, ಸುಳಿ ಹೆಂಗ್ ದಾಟ್ತಾರ? ಸಿಟ್ಟ ಬಂದು ರಿಮೋಟ್ ಒಗದಬಿಟ್ರು. ಅದಕ್ಕ ದಿನಾ ಹೊಸಾ ಹೆಸರಿಲೆ ಮೊದಲಿಂದ ಚಾಲೂ ಮಾಡಿ ಕೊಡ್ತೇನಿ."

"ಹೆಸರಿಗೆ ಪಲ್ಯ, ಜುಣಕ ಅಂತೆಲ್ಲಾ…"

"ದಿನಾ ಹೊಸಾ ಹೆಸರ ಎಲ್ಲಿಂದ ತರ್ಲಿ ನಾ? ಒಲಿ ಮ್ಯಾಲ ಏನಿರ್ತೈತಿ ಅದನ್ನ ಬರದೆ."

"ಮತ್ತ 'ನಿನ್ನಿ ಜುಣಕ'?"

"ಅವತ್ತ ಅಡಗಿ ಮಾಡಾಕ ಮೈಯಾಗ ಹುಷಾರಿದ್ದಿಲ್ರಿ," ಎಂದು ದಾಕ್ಷಾಯಣಿ ಸೆರಗು ಬಾಯಿಗೆ ಒತ್ತಿಕೊಂಡಳು.

ಪರದೆಯ ಮೇಲೆ ಅಗಲವಾದ ಹೊಳೆ, ಅದರ ನಡುವೆ ಒಂದು ಹರಿಗೋಲು. ಆಟದ ಹೆಸರೂ ಅದೇ. ಹರಿಗೋಲಿಗೆ ಮುಂದು ಹಿಂದು ಇಲ್ಲ. ಗುಂಡಗಿರುವುದರಿಂದ, ದೋಣಿಗೆ ಹಾಕಿದಂತೆ ಪಕ್ಕದಲ್ಲಿ ಹುಟ್ಟು ಹಾಕಿದರೆ ಇದ್ದಲ್ಲೇ ಗಿರಗಿರನೆ ತಿರುಗುತ್ತದೆ. ಹುಟ್ಟನ್ನು ಮುಂದೆ ನೀರಿಗಿಳಿಸಿ, ಎಂಟರ ಆಕಾರದಲ್ಲಿ ಆಡಿಸುತ್ತ ಎಳೆದುಕೊಳ್ಳಬೇಕು. ಆಟ ಇದನ್ನು ಹೇಳಿಕೊಡುವುದಿಲ್ಲ; ಮುಳುಗಿ ಮುಳುಗಿ ಕಂಡುಕೊಳ್ಳಬೇಕು. ಆಚೆ ದಡ ಮುಟ್ಟಿದರೆ ಮೊದಲ ಸಾಧನೆ, ಹತ್ತು ಅಂಕ.

ಅಂದಾನಪ್ಪನ ಹರಿಗೋಲು ಎಲ್ಲೂ ತಿರುಗದೆ, ಹಗ್ಗ ಕಟ್ಟಿ ಎಳೆದಂತೆ ಹೋಗಿ ದಡ ಮುಟ್ಟಿತು. ಗಂಟೆ ಬಾರಿಸಲಿಲ್ಲ. ಅವನು ಕಾದ. ಕೈಯಲ್ಲಿದ್ದ ರಿಮೋಟನ್ನು ತಿರುಗಿಸಿ ನೋಡಿದ.

"ಎಲ್ಲೋ ತಪ್ಪೇನಿ," ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಈಚೆ ದಡದಿಂದ ಹೊರಟ.

"ಈಗ ಕೆಲವು ದಿನದಿಂದ ಹಿಂಗಾ ಆಗೈತ್ರಿ," ದಾಕ್ಷಾಯಣಿಯ ದನಿ ಕುಗ್ಗಿತು. "ಸಂಜಿ ಮಟಾ ದಾಟ್ತಾರ. ಊಟಕ್ಕ ಏಳಂಗಿಲ್ಲ. 'ತಪ್ಪೇನಿ, ತಪ್ಪೇನಿ' ಅನ್ಕೋತ ಕುಂಡರ್ತಾರ. ಗಂಟಿ ಒಂದ್ ರಿಪೇರಿ ಮಾಡಿ ಕೊಡ್ರಿ, ನಿಮಗ ಪುಣ್ಯಾ ಬರ್ತೈತಿ."

ಮೆಹಜಬೀನ್ ತನ್ನ ಕೈಯಲ್ಲಿದ್ದ, ಅಲೆ ತೋರಿಸುವ ಪುಟ್ಟ ಫಲಕವನ್ನು ನೋಡುತ್ತಿದ್ದಳು. ಹಣೆಪಟ್ಟಿಯಿಂದ ಬರುತ್ತಿದ್ದ ಗೆರೆ ಬೇಸಿಗೆಯ ಕೆರೆಯಂತೆ ಸಪಾಟಾಗಿತ್ತು. ಕೇಂದ್ರದಲ್ಲಿ ಅರ್ಥವಾಗದಿದ್ದದ್ದು ಇಲ್ಲಿ ಈ ಮನುಷ್ಯನ ಬೆನ್ನ ಹಿಂದೆ ನಿಂತಾಗ ಅರ್ಥವಾಯಿತು.

"ಅಕ್ಕಾರ, ಗಂಟಿ ಕೆಟ್ಟಿಲ್ರಿ," ಎಂದಳು ಮೆಲ್ಲಗೆ. "ಹೊಸದಾಗಿ ಕಲತ್ರ ಅಷ್ಟಾ ಅದು ಬಾರಸ್ತೈತಿ. ಇವ್ರಿಗೆ ಇಲ್ಲಿ ಕಲಿಯೂದು ಏನೂ ಉಳದಿಲ್ಲ. ಅದಕ್ಕ ಸುಮ್ನ ಐತಿ."

"ಅದ್ಹೆಂಗ್ರಿ? ಅವ್ರಿಗೆ ಈ ಆಟ ಆಡಿದ್ದಾ ನೆನಪಿಲ್ಲಲ್ಲ. ಇನ್ನ ತಲಿಯೊಳಗ ಹೊಸದು ಏನೂ ಹೋಗಂಗಿಲ್ಲ ಅಂತ ಡಾಕ್ಟ್ರು ಹೇಳ್ಯಾರ."

"ನಡದದ್ದನ್ನ ನೆನಪಿಡೋ ಜಾಗಾ ಬ್ಯಾರೆ, ಕೈಚಳಕ ನೆನಪಿಡೋ ಜಾಗಾ ಬ್ಯಾರೆ ಅಕ್ಕಾರ. ಜ್ವರ ಹಾಳ ಮಾಡಿದ್ದು ಮೊದಲಿಂದನ್ನ. ಎರಡನೇದು ಹಿಂದಲೆಯ ಕಡೆ, ತಳದಾಗ ಇರ್ತೈತಿ. ಅದು ಇವ್ರಲ್ಲಿ ಹಂಗಾ ಐತಿ. ದಿನಾ ಸ್ವಲ್ಪ ಸ್ವಲ್ಪ ಕೂಡಿಸಿ ಇಟಕೊಂಡೈತಿ."

ದಾಕ್ಷಾಯಣಿ ಗೋಡೆಗೆ ಒರಗಿ ನಿಂತಳು. ಗಂಡನ ಕೈಗಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ನನಗ ಯಾರೂ ಇದನ್ನ ಹೇಳಿದ್ದಿಲ್ಲ," ಎಂದಳು.

*

"ಸುಳ್ಳ ಬಡಕ ಅಂದಿದ್ದು ವಾಪಸ್ ತಗೋತೀನಿ," ಎಂದರು ಕಟ್ಟಿ, ಎಲ್ಲವನ್ನೂ ಕೇಳಿದ ಮೇಲೆ. ಸ್ವಲ್ಪ ಹೊತ್ತು ಪರದೆಯ ಮೇಲಿನ ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿ ನೋಡಿದರು. ಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಒಬ್ಬ ಹೊಸಬ. ಒಟ್ಟಿಗೆ ನೋಡಿದರೆ ಒಬ್ಬನೇ ಮನುಷ್ಯ ನಿಧಾನವಾಗಿ ಹೊಳೆ ದಾಟುತ್ತಿದ್ದ.

ಮಾಡಬೇಕಾದದ್ದು ಏನೆಂಬುದು ಇಬ್ಬರಿಗೂ ಗೊತ್ತಿತ್ತು. ಹೊಸ ಖಾತೆಯಿಂದ ಉಪಯೋಗವಿಲ್ಲ, ಅದರಲ್ಲಿ ಇನ್ನು ಗಂಟೆ ಬಾರಿಸುವುದಿಲ್ಲ. ಮೊದಲ ಸಾಧನೆ ಸಿಗದೆ ಎರಡನೇ ಹಂತ ತೆರೆಯುವುದೂ ಇಲ್ಲ. ತಡೆಹಿಡಿದ ಹಳೆಯ ಖಾತೆಗಳೆಲ್ಲ ಒಬ್ಬನವೇ ಎಂದು ಸಾಬೀತಾದರೆ ಒಂದರಲ್ಲಿ ಕೂಡಿಸಬಹುದು. ಆಗ ಸುಳಿಯ ಬಾಗಿಲು ತೆರೆಯುತ್ತದೆ. ಆ ಕೈಗಳಿಗೆ ಕಲಿಯಲು ಮತ್ತೇನಾದರೂ ಸಿಗುತ್ತದೆ.

"ಆದ್ರ ಕೂಡಸಬೇಕಂದ್ರ, ಮಾಲೀಕ ತನ್ನ ಧ್ವನಿಯೊಳಗ 'ಇವೆಲ್ಲ ನಾನೇ ಆಡಿದ್ದು' ಅಂತ ಹೇಳಬೇಕು," ಎಂದರು ಕಟ್ಟಿ. "ಹೆಂಡ್ತಿ ಹೇಳಿದ್ರ ನಡಿಯೂದಿಲ್ಲ. ಮನಿಯವ್ರು ಒಬ್ಬರ ಅಂಕ ಇನ್ನೊಬ್ಬರ ಹೆಸರಿಗೆ ಹಚ್ಚತಾರಂತನ ಆ ನಿಯಮ ಮಾಡ್ಯಾರ. ಹೋಗವಾ, ಒಂದ ವಾಕ್ಯ, ಹೇಳಿಸ್ಕೊಂಡ ಬಾ. ಇಲ್ಲಂದ್ರ ಶನಿವಾರ ಬೀಗಾ ಬೀಳ್ತದ, ಅದು ನನ್ನ ಕೈಯಾಗಿಲ್ಲ."

*

ಮತ್ತೆ ಬಂದ ಮೆಹಜಬೀನಳನ್ನು ಅಂದಾನಪ್ಪ ಗುರುತಿಸಲಿಲ್ಲ. ಅವತ್ತಿನ ಆಟ ಇನ್ನೂ ಶುರುವಾಗಿರಲಿಲ್ಲ. "ಬಾರವಾ ತಂಗೀ, ಯಾರ ಪೈಕಿ?" ಎಂದು ಕೇಳಿದ. ಅವಳು ಹೆಸರು ಹೇಳಿದಳು, ಬಂದ ಕಾರಣ ಹೇಳಿದಳು. ಅವನು ಮಾಸ್ತರನ ಗಮನದಿಂದ ಕೇಳಿಸಿಕೊಂಡ.

"ಅಂದ್ರ, ಈ ಆಟ ನಾ ಭಾಳ ದಿನದಿಂದ ಆಡೇನಿ ಅಂತ ನಾ ಹೇಳಬೇಕು."

"ಹೌದ್ರಿ ಸರ್."

"ನಾ ಆಡಿಲ್ಲ."

"ಆಡೀರಿ! ನಾ ನೋಡೇನಲ್ರೀ," ಎಂದಳು ದಾಕ್ಷಾಯಣಿ.

"ನೀ ನೋಡಿದ್ದು ನೀ ಹೇಳು. ನಾ ನೋಡಲಾರದ್ದು ನಾ ಹೆಂಗ್ ಹೇಳ್ಲಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ತಂಗೀ, ನಾ ಅಂಪೈರ್ ಇದ್ದಾಂವ. ಮುಂಡರಗಿ ಫೈನಲ್‌ದಾಗ ನಮ್ಮ ಸಾಲಿ ಹುಡುಗೂರು, 'ಸರ್, ಮುಟ್ಟೇನಿ, ಮುಟ್ಟೇನಿ' ಅಂತ ಕಾಲಿಗೆ ಬಿದ್ದು ಅತ್ತರೂ ಪಾಯಿಂಟ್ ಕೊಡಲಿಲ್ಲ. ನನ್ನ ಕಣ್ಣಿಗೆ ಬಿದ್ದಿದ್ದಿಲ್ಲ. ಕಣ್ಣಿಗೆ ಬೀಳಲಾರದ ಪಾಯಿಂಟ್ ಬ್ಯಾರೆಯವ್ರಿಗೆ ಕೊಡಲಾರದಾಂವ ನನಗ ನಾ ತಗೋಳ್ಳೇನು?"

"ಒಂದ ಮಾತ ಅಂದ್ರ ನಿಮ್ಮದೇನ್ ಗಂಟ ಹೋಗ್ತೈತ್ರಿ?" ದಾಕ್ಷಾಯಣಿಯ ಕಣ್ಣು ತುಂಬಿದವು. "ನಾಳಿಗೆ ಅದೂ ನೆನಪಿರಂಗಿಲ್ಲ ನಿಮಗ!"

ಹೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ಅಂದಾನಪ್ಪ ಅವಳ ಕಡೆ ನೋಡಿ, "ಇವತ್ತ ನೆನಪೈತಲ್ಲ, ದಾಕ್ಷಾಣಿ," ಎಂದ.

ಮೆಹಜಬೀನ್ ಅವನಿಂದ ಆ ವಾಕ್ಯವನ್ನು ಹೇಗಾದರೂ ಹೊರಡಿಸಬಹುದಿತ್ತು. 'ನಾನು ಹೇಳುವುದನ್ನು ಹಾಗೇ ಹೇಳಿ, ಧ್ವನಿ ಪರೀಕ್ಷೆ' ಎಂದರೆ ಸಾಕಿತ್ತು. ಆ ಯೋಚನೆ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಆಮೇಲೆ ನಿಜವಾಗಿಯೂ ತಿಳಿಯಬೇಕೆನಿಸಿ ಕೇಳಿದಳು:

"ಸರ್, ಎಷ್ಟ್ ಚಲೋ ಅಂಪೈರ್ ಇದ್ರೂ ಎಲ್ಲಾ ಕಣ್ಣಿಗೆ ಬೀಳಂಗಿಲ್ಲಲ್ರೀ. ಒಬ್ಬಾವ ಗೆರಿ ತುಳದಾನೋ ಇಲ್ಲೋ ನೀವು ನೋಡಿಲ್ಲ. ಅವಾಗ?"

"ಅವಾಗ ಕಾಲ ನೋಡ್ತಿದ್ದೆ." ಅವನ ಮುಖದಲ್ಲಿ ಬೆಳಕು ಮೂಡಿತು. "ನಮ್ಮ ಅಂಕಣದ ಗೆರಿ ಸುಣ್ಣದ್ದು. ಆಟ ನಿಲ್ಲಿಸಿ, 'ಎತ್ತಲೇ ಕಾಲ' ಅಂತಿದ್ದೆ. ಅಂಗಾಲಿಗೆ ಸುಣ್ಣ ಹತ್ತಿದ್ರ ತುಳದಾನ. ಮುಗೀತು. ನಾ ನೋಡಲಿ ಬಿಡಲಿ. ಅದಕ್ಕ ಸುಳ್ಳ ಹೇಳಾಕ ಬರಂಗಿಲ್ಲ."

ಮೆಹಜಬೀನ್ ಎದ್ದಳು. "ಅಕ್ಕಾರ, ನೀವು ಎಂದರ ಇದನ್ನ ಆಡೀರೇನು?"

"ನಾನ? ನಾ ಆ ಪಟ್ಟಿ ಕಟಗೊಂಡ್ರ ಒಲಿ ಹಚ್ಚೋರು ಯಾರ್ರೀ?"

"ಇವತ್ತ ಒಂದ ಸಲ ಕಟಗೋರ್ರಿ."

ದಾಕ್ಷಾಯಣಿ ಸಂಕೋಚದಿಂದ ಕುಳಿತಳು. ಹುಟ್ಟನ್ನು ಬಲಕ್ಕೆ ಹಾಕಿದಳು. ಹರಿಗೋಲು ಬುಗುರಿಯಂತೆ ತಿರುಗಿತು. ಗಾಬರಿಯಾಗಿ ಎಡಕ್ಕೆ ಹಾಕಿದಳು. ಆ ಕಡೆ ತಿರುಗಿ ಬುಡಮೇಲಾಯಿತು. "ಅಯ್ಯ ಶಿವನ, ಮುಳಗಿದ್ನೆಲ್ಲೋ!" ಎಂದು ಕೂಗಿದಳು. ಮತ್ತೆ ಹೊರಟಳು, ಮತ್ತೆ ಮುಳುಗಿದಳು. ಅಂದಾನಪ್ಪ ತೊಡೆ ತಟ್ಟಿ ನಗುತ್ತಿದ್ದ.

"ಪಕ್ಕಕ್ಕ ಹಾಕಬ್ಯಾಡ, ಮುಂದ ಹಾಕು. ಮುಂದ! ಎಂಟು ತಗೀ, ಎಂಟು!"

ಹಾಗೆಂದವನ ನಗು ಮೆಲ್ಲಗೆ ನಿಂತಿತು. ಹೆಂಡತಿಯ ಕೈಯಿಂದ ರಿಮೋಟ್ ತೆಗೆದುಕೊಂಡ. ಹಣೆಪಟ್ಟಿ ಕಟ್ಟಿಕೊಳ್ಳಲೂ ಇಲ್ಲ. ಹರಿಗೋಲು ದಡ ಬಿಟ್ಟು ನೇರವಾಗಿ ಹೊರಟಿತು. ಹೊಳೆಯ ನಡುವೆ ಅವನು ಬೇಕೆಂದೇ ಹಿಂದಕ್ಕೆ ತಿರುಗಿಸಿದ, ಒಂದು ಸುತ್ತು ಹಾಕಿಸಿದ, ಮತ್ತೆ ನೇರ ಮಾಡಿದ. ಆಚೆ ದಡ ಮುಟ್ಟಿದ ಮೇಲೆ ರಿಮೋಟನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ಮೇಲೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದ. ತುಂಬಾ ಹೊತ್ತು ನೋಡಿದ.

"ಹತ್ತೈತಿ," ಎಂದ.

ದಾಕ್ಷಾಯಣಿ ತನ್ನ ಹಣೆಯ ಪಟ್ಟಿ ಬಿಚ್ಚಿದಳು.

"ಸುಣ್ಣ ಹತ್ತೈತಿ ತಂಗೀ. ಎಲ್ಲಿ ಹೇಳಬೇಕು, ತಾ."

ಅವಳು ಫಲಕ ಮುಂದೆ ಹಿಡಿದಳು. ಅವನು ಗಂಟಲು ಸರಿಮಾಡಿಕೊಂಡು, ತೀರ್ಪು ಕೊಡುವ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದ: "ಇವೆಲ್ಲ ನಾನೇ ಆಡಿದ್ದು."

ಪರದೆಯ ಮೇಲೆ ಖಾತೆಗಳು ಒಂದರೊಳಗೊಂದು ಸೇರುತ್ತ ಹೋಗಿ ಕೊನೆಗೆ ಒಂದೇ ಉಳಿಯಿತು. ಅಂದಾನಪ್ಪ ಕರಬಸಣ್ಣವರ. ಹತ್ತು ಅಂಕ.

"ಇಷ್ಟೆಲ್ಲಾ ಮಾಡಿ ಹತ್ತಾ?" ಎಂದಳು ದಾಕ್ಷಾಯಣಿ.

"ಒಂದ ಸಾಧನೆಗೆ ಒಂದಾ ಸಲ ಅಕ್ಕಾರ."

"ನ್ಯಾಯಾನ ಐತಿ," ಎಂದ ಅಂದಾನಪ್ಪ. "ಒಂದ ಗೆರಿ ಎಷ್ಟ್ ಸಲ ತುಳದ್ರೂ ಒಂದಾ ಪಾಯಿಂಟ್."

ಎರಡನೇ ಹಂತ ತೆರೆಯಿತು. ಹೊಳೆ ಕಿರಿದಾಗಿ, ಎರಡು ಬಂಡೆಗಳ ನಡುವೆ ನೀರು ಕಪ್ಪಾಗಿ ಸುತ್ತುತ್ತಿತ್ತು. ಈ ಸಲ ಅವನು ಹಣೆಪಟ್ಟಿ ಕಟ್ಟಿಕೊಂಡ. ಸುಳಿಯ ಅಂಚಿನವರೆಗೆ ಹರಿಗೋಲು ಚೊಕ್ಕವಾಗಿ ಹೋಯಿತು. ಅಂಚು ಮುಟ್ಟಿದ್ದೇ ಎತ್ತಿ ಒಗೆದಂತೆ ಬಿತ್ತು. ಮೆಹಜಬೀನಳ ಕೈಯಲ್ಲಿದ್ದ ಫಲಕದಲ್ಲಿ, ಸಪಾಟಾಗಿದ್ದ ಗೆರೆ ನೆಟ್ಟಗೆ ಮೇಲೆದ್ದಿತು. ಅವಳು ಅದನ್ನು ದಾಕ್ಷಾಯಣಿಗೆ ತೋರಿಸಿದಳು. ದಾಕ್ಷಾಯಣಿಗೆ ಗೆರೆ ಓದಲು ಬರುತ್ತಿರಲಿಲ್ಲ, ಆದರೆ ಅದು ಮೇಲೆ ಹೋದದ್ದು ಕಂಡಿತು.

ಅಂದಾನಪ್ಪ ಮತ್ತೆ ಹೋದ, ಮತ್ತೆ ಬಿದ್ದ. ರಿಮೋಟ್ ಎಸೆಯಲಿಲ್ಲ.

"ಇದನ್ನ ದಾಟಾಕ ಎಷ್ಟ್ ದಿನಾ ಬೇಕಾಗ್ತಾವು ತಂಗೀ?"

"ಹೇಳಾಕ ಬರಂಗಿಲ್ರಿ ಸರ್. ತಿಂಗಳುಗಟ್ಟಲೆ ಹಿಡೀಬಹುದು."

"ನಾಳಿಗೆ ನನಗ ಈ ಸುಳಿ ನೆನಪಿರಂಗಿಲ್ಲ."

"ಹೌದ್ರಿ."

"ನಿನ್ನ ಮಾರೀನೂ ನೆನಪಿರಂಗಿಲ್ಲ. ತಪ್ಪ ತಿಳಕೋಬ್ಯಾಡ."

ಅವನು ಪರದೆಯಿಂದ ಕಣ್ಣು ತೆಗೆಯದೆ ಹೆಂಡತಿಯನ್ನು ಕರೆದ. ಅವಳು ಒಲೆಯ ಕಡೆ ಹೊರಟಿದ್ದವಳು ಬಾಗಿಲಲ್ಲಿ ನಿಂತಳು.

"ದಾಕ್ಷಾಣಿ, ನಾಳೆ ಮುಂಜಾನೆ ನಾ ಎದ್ದು, ಇದನ್ನ ಎಂದೂ ಆಡಿಲ್ಲ, ನನಗ ಬರಂಗಿಲ್ಲ ಅಂತೇನಿ."

"ಅಂತೀರಿ," ಎಂದಳು ಅವಳು.

"ನನ್ನ ಮಾತ ಕೇಳಬ್ಯಾಡ. ಕೈಯಾಗ ಕೊಡು."

ಹರಿಗೋಲು ಮತ್ತೆ ಸುಳಿಯ ಕಡೆ ಹೊರಟಿತು.